ಕೆ.ಜಿ. ಲೆಕ್ಕ, ಪೀಸ್ ಲೆಕ್ಕ, ಡಬ್ಬದ ಲೆಕ್ಕ: ದಾವಣಗೆರೆ–ದುರ್ಗದಲ್ಲಿ ಹಳೇ ಪುಸ್ತಕ ಆರಿಸೋದು ಹೇಗೆ?

ವಿದ್ಯಾನಗರದ ಓದುಗ ಕೇಳಿದ್ದು:

ದಾವಣಗೆರೆಗೆ ಆಗಾಗ ಕಲ್ಯಾಣ ಮಂಟಪ, ಸಮುದಾಯ ಭವನಗಳಲ್ಲಿ ಹಳೇ ಪುಸ್ತಕದ ಸೇಲ್ ಬರ್ತವಲ್ಲ, ಅದರ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ಒಂದು ಸಲ ಕೆ.ಜಿ. ಲೆಕ್ಕ ಅಂತಾರೆ, ಇನ್ನೊಂದು ಸಲ ‘ಯಾವುದೇ ತಗೊಳ್ಳಿ, ಒಂದೇ ರೇಟು’ ಅಂತಾರೆ, ಮತ್ತೊಂದು ಕಡೆ ‘ಡಬ್ಬ ತುಂಬಿಸಿಕೊಳ್ಳಿ’ ಅಂತ ಬೋರ್ಡು. ಇವುಗಳಲ್ಲಿ ನಿಜವಾಗಿ ಲಾಭ ಯಾವುದರಲ್ಲಿ? ಪುಸ್ತಕ ಗಟ್ಟಿಯಾಗಿದೆಯೋ, ನಡುವೆ ಪುಟ ಹೋಗಿದೆಯೋ ಅಂತ ಬೇಗ ನೋಡೋದು ಹೇಗೆ? ಇಸವಿ ಇಲ್ಲದ ಹಳೇ ಕನ್ನಡ ಪುಸ್ತಕ ಯಾವ ಕಾಲದ್ದು ಅಂತ ಪತ್ತೆ ಹಚ್ಚಬಹುದಾ?

ನನಗೆ ಬೇಕಿರೋದು ಕನ್ನಡ ಕಾದಂಬರಿ ಮತ್ತು ನಮ್ಮ ಜಿಲ್ಲೆಗಳ ಇತಿಹಾಸ. ತಮ್ಮನಿಗೆ ಸಿವಿಲ್ ಎಂಜಿನಿಯರಿಂಗ್ ಪುಸ್ತಕ. ಕೈಯಲ್ಲಿ ಸಾವಿರ ರೂಪಾಯಿ ಇದೆ ಅಂತ ಇಟ್ಕೊಳ್ಳಿ. ಸೇಲ್ ಬಿಟ್ಟು ಊರಲ್ಲಿ ಬೇರೆ ಎಲ್ಲಿ ಹುಡುಕಬೇಕು ಅನ್ನೋದನ್ನೂ ತಿಳಿಸಿ.

---

ತಕ್ಕಡಿ ಮುಳ್ಳು ಉತ್ತರಿಸಿದ್ದು:

ಮೊದಲು ರೇಟಿನ ಬೋರ್ಡು ಓದಿ, ಆಮೇಲೆ ಪುಸ್ತಕ ನೋಡಿ. ಬಹಳ ಜನ ಮೂರೂ ಥರದ ಸೇಲಿನಲ್ಲಿ ಒಂದೇ ರೀತಿ ಹುಡುಕ್ತಾರೆ. ದುಡ್ಡು ಹೋಗೋದು ಅಲ್ಲೇ.

ಕೆ.ಜಿ. ಲೆಕ್ಕದಲ್ಲಿ ನೀವು ಕೊಳ್ಳೋದು ಕಾಗದದ ತೂಕ. ನಮ್ಮ ಕನ್ನಡ ಪುಸ್ತಕಗಳು ಹೆಚ್ಚಾಗಿ ಡೆಮಿ 1/8 ಅಳತೆ, ಅಂದರೆ ಸುಮಾರು 14 × 21.5 ಸೆಂ.ಮೀ. 200 ಪುಟ ಅಂದರೆ 100 ಹಾಳೆ. 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಗೋ) ಕಾಗದವಾದರೆ ಒಳಪುಟಗಳೇ 210 ಗ್ರಾಂ ಆಗ್ತವೆ, ಮುಖಪುಟ ಸೇರಿ 230ರ ಆಸುಪಾಸು. ಕೆ.ಜಿ.ಗೆ ನಾಲ್ಕು ಪುಸ್ತಕ ಬಂತು. ರೇಟು 200 ಅಂತಾದರೆ ಒಂದಕ್ಕೆ 50 ರೂಪಾಯಿ ಬಿತ್ತು. ಹಳೇ ಕ್ರೌನ್ 1/8 ಅಳತೆಯ ಕಾದಂಬರಿಗಳು ಇನ್ನೂ ಹಗುರ, ಅಲ್ಲಿ ಲಾಭ ಜಾಸ್ತಿ. ಈಗ ಅದೇ ಮೇಜಿನ ಮೇಲಿರೋ ದೊಡ್ಡ ಚಿತ್ರದ ಪುಸ್ತಕ ಎತ್ತಿ ನೋಡಿ. 25 × 30 ಸೆಂ.ಮೀ., 200 ಪುಟ, 130 ಜಿ.ಎಸ್.ಎಂ. ಆರ್ಟ್ ಪೇಪರ್. ಒಳಗಿನ ಕಾಗದವೇ ಒಂದು ಕೆ.ಜಿ. ಹತ್ತಿರ ತೂಗ್ತದೆ, ರಟ್ಟು ಸೇರಿದರೆ ಒಂದೂಕಾಲು. ಅದೊಂದಕ್ಕೇ 250 ರೂಪಾಯಿ. ಅಂಥದ್ದು ಬೇಕಿದ್ದರೆ ‘ಒಂದೇ ರೇಟು’ ಸೇಲಿಗೆ ಕಾಯಿರಿ. ಅಲ್ಲಿ ತೂಕದ ಪುಸ್ತಕವೇ ಲಾಭ, ತೆಳು ಕಾದಂಬರಿ ನಷ್ಟ.

ಡಬ್ಬದ ಲೆಕ್ಕದಲ್ಲಿ ತೂಕ ಮುಖ್ಯ ಅಲ್ಲ, ಜಾಗ ಮುಖ್ಯ. ರಟ್ಟಿನ ಪುಸ್ತಕ ಜಾಗ ತಿನ್ನುತ್ತೆ. ಡಬ್ಬದ ಮುಚ್ಚಳ ಮುಚ್ಚಬೇಕು ಅನ್ನೋ ಷರತ್ತು ಸಾಮಾನ್ಯ, ಅದನ್ನು ಹಣ ಕೊಡೋ ಮೊದಲೇ ಕೇಳಿಕೊಳ್ಳಿ. ಮೊದಲು ಒಂದೇ ಅಳತೆಯವನ್ನು ಬೆನ್ನು ಕೆಳಗೆ ಮಾಡಿ ನಿಲ್ಲಿಸಿ, ಉಳಿದ ಸಂದಿಗೆ ತೆಳು ಪುಸ್ತಕ ಮಲಗಿಸಿ. ಡಬ್ಬ ತುಂಬಬೇಕು ಅನ್ನೋ ಹಟಕ್ಕೆ ಬಿದ್ದು ಬೇಡದ್ದನ್ನು ತುರುಕೋರೇ ಅಲ್ಲಿ ಜಾಸ್ತಿ. ನಿಮಗೆ ಕನ್ನಡ ಬೇಕು ಅಂದ್ರೆ ಡಬ್ಬದ ಸೇಲ್ ನಿಮಗಲ್ಲ. ಅಲ್ಲಿರೋದು ಹೆಚ್ಚುಕಡಿಮೆ ಎಲ್ಲಾ ಹೊರದೇಶದ ಉಳಿಕೆ ಮಾಲು. ಹಾಳೆಗಳ ಅಂಚಿಗೆ ಮಾರ್ಕರ್ ಪೆನ್ನಿನ ಗೀಟೋ ಚುಕ್ಕೆಯೋ ಇದ್ದರೆ ಪ್ರಕಾಶಕರು ಮಾರಾಟವಾಗದೆ ಉಳಿದದ್ದನ್ನು ಕಡಿಮೆಗೆ ತಳ್ಳಿದ್ದು ಅಂತ ಅರ್ಥ. ಓದೋಕೆ ಅದರಿಂದ ಏನೂ ತೊಂದರೆ ಇಲ್ಲ, ಎಷ್ಟೋ ಸಲ ಹೊಚ್ಚ ಹೊಸದೇ ಇರ್ತದೆ.

ಕನ್ನಡದ ರಾಶಿ ಒಂದು ಮೂಲೆಯಲ್ಲಿ, ವಿಂಗಡಣೆ ಇಲ್ಲದೆ ಬಿದ್ದಿರ್ತದೆ. 50–80 ಪುಟದ ತೆಳು ಪುಸ್ತಕಕ್ಕೆ ಬೆನ್ನಿನ ಮೇಲೆ ಹೆಸರೇ ಇರಲ್ಲ. ಸಾಲಿನಲ್ಲಿ ಅವು ಬರೀ ಬಿಳಿ ಗೆರೆ ಥರ ಕಾಣ್ತವೆ, ಯಾರೂ ಎಳೆದು ನೋಡಲ್ಲ. ಶಾಸನ, ಸ್ಥಳಪುರಾಣ, ಊರಿನ ಇತಿಹಾಸ, ಅಭಿನಂದನಾ ಪುಸ್ತಿಕೆ ಎಲ್ಲಾ ಆ ಬಿಳಿ ಗೆರೆಗಳಲ್ಲೇ ಇರೋದು. ನಿಮಗೆ ಜಿಲ್ಲೆಯ ಇತಿಹಾಸ ಬೇಕಲ್ಲ, ಅಲ್ಲಿಂದಲೇ ಶುರು ಮಾಡಿ. ಮೇಜಿನ ಕೆಳಗೆ ಬಿಚ್ಚದ ರಟ್ಟಿನ ಪೆಟ್ಟಿಗೆ ಇದ್ದರೆ ‘ಇದನ್ನು ನೋಡಬಹುದಾ’ ಅಂತ ಕೇಳಿ. ಬೆಳಗ್ಗೆ ಬಿಚ್ಚಿಟ್ಟದ್ದು ಖಾಲಿಯಾದ ಮೇಲೆ ಮಧ್ಯಾಹ್ನ ಹಾಕೋದು ಅದೇ ಮಾಲು.

ಯಾವಾಗ ಹೋಗಬೇಕು? ಆಯ್ಕೆ ಬೇಕಾದರೆ ಮೊದಲ ದಿನ ಬೆಳಗ್ಗೆ. ಕೊನೆಯ ದಿನ ಸಂಜೆ ರೇಟು ಇಳಿಸ್ತಾರೆ ನಿಜ. ಲಾರಿಗೆ ತುಂಬೋ ಕೆಲಸ ಕಮ್ಮಿಯಾದರೆ ಅವರಿಗೂ ಲಾಭ. ಆದರೆ ಆಗ ಉಳಿದಿರೋದು ಹಳೇ ಕಂಪ್ಯೂಟರ್ ಗೈಡು, ಡಯಟ್ ಪುಸ್ತಕ.

ತೂಕಕ್ಕೆ ಇಡೋ ಮುಂಚೆ ಯಂತ್ರ ಸೊನ್ನೆ ತೋರಿಸ್ತಿದೆಯಾ ನೋಡಿ. ಬುಟ್ಟಿ ಸಮೇತ ತೂಗಿದರೆ ಬುಟ್ಟಿ ತೂಕ ಕಳೆಯೋಕೆ ಹೇಳಿ. ಅಚ್ಚಾದ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಬಿಲ್ಲಿನಲ್ಲಿ ಸೇರಿಸಿದರೆ ತೆಗೆಸಿ. ಚೀಲ ಮನೆಯಿಂದಲೇ ತಗೊಂಡು ಹೋಗಿ. ಗೊಬ್ಬರದ ಚೀಲ ಬೇಡ ಮಾರಾಯ್ರೆ, ಅದರ ಪುಡಿ ಕಾಗದಕ್ಕೆ ಮೆತ್ತಿಕೊಳ್ಳುತ್ತೆ.

---

ಫಾರಂ ಹದಿನಾರು ಉತ್ತರಿಸಿದ್ದು:

ಪುಟ ಹೋಗಿದೆಯೋ ಇಲ್ಲವೋ ನೋಡೋಕೆ 300 ಪುಟ ತಿರುವಬೇಕಿಲ್ಲ. ಪುಸ್ತಕ ಅಚ್ಚಾಗೋದು ಫಾರಂ (ದೊಡ್ಡ ಹಾಳೆ ಮಡಚಿ ಮಾಡಿದ ಕಟ್ಟು) ಲೆಕ್ಕದಲ್ಲಿ, ಸಾಮಾನ್ಯವಾಗಿ 16 ಪುಟಕ್ಕೊಂದು. ತಪ್ಪಾಗೋದೂ ಫಾರಂ ಸಮೇತವೇ. ಒಂದು ಫಾರಂ ಬಿಟ್ಟುಹೋಗಿರುತ್ತೆ, ಅಥವಾ ಒಂದೇ ಎರಡು ಸಲ ಸೇರಿರುತ್ತೆ, ಇಲ್ಲಾ ತಲೆಕೆಳಗಾಗಿರುತ್ತೆ. ಹಾಗಾಗಿ ಕೂಡುವ ಜಾಗ ಮಾತ್ರ ನೋಡಿ: 16ರಿಂದ 17, 32ರಿಂದ 33, 48ರಿಂದ 49, ಹೀಗೆ. ಹಳೇ ಪುಸ್ತಕಗಳಲ್ಲಿ ಹೊಸ ಫಾರಂ ಶುರುವಾಗೋ ಪುಟದ ಅಡಿಯಲ್ಲಿ ಸಣ್ಣ ಅಂಕಿ ಇರುತ್ತೆ, ಅದು ಪುಟಸಂಖ್ಯೆ ಅಲ್ಲ, ಫಾರಂ ಸಂಖ್ಯೆ. ಬೈಂಡರು ಜೋಡಿಸುವಾಗ ನೋಡಿಕೊಳ್ಳೋಕೆ ಹಾಕಿದ್ದು, ನಮಗೂ ಉಪಯೋಗ. ಮುನ್ನುಡಿ ಪುಟಗಳಿಗೆ ಬೇರೆ ಸಂಖ್ಯೆ ಇರುವುದರಿಂದ ಅವನ್ನು ಲೆಕ್ಕದಿಂದ ಬಿಡಿ. ಕೊನೇ ಎರಡು ಹಾಳೆ ಮಾತ್ರ ಕೈಯಾರೆ ನೋಡಲೇಬೇಕು. ಕಾದಂಬರಿಯ ಕೊನೇ ಹಾಳೆ ಹರಿದಿದ್ದರೆ ಎಷ್ಟು ಅಗ್ಗವಾದರೂ ಏನು ಪ್ರಯೋಜನ?

ಇನ್ನು ಬೆನ್ನು. ನಡುವೆ ತೆರೆದು ನೋಡಿ. ಫಾರಂ ಮಧ್ಯದಲ್ಲಿ ದಾರ ಕಂಡರೆ ಹೊಲಿಗೆಯ ಪುಸ್ತಕ, ಮತ್ತೆ ಬೈಂಡ್ ಮಾಡಿಸಬಹುದು. ದಾರ ಇಲ್ಲದೆ ಬರೀ ಅಂಟಿನ ಬೆನ್ನಾದರೆ ನಮ್ಮ ಕಡೆ ಬಿಸಿಲಿಗೆ ಆ ಅಂಟು ಒಣಗಿ ಗಾಜಿನಂತೆ ಸಿಡಿದು ಹಾಳೆ ಉದುರ್ತದೆ. ತೆರೆದಾಗ ‘ಚಟ್’ ಅಂತ ಸದ್ದಾದರೆ ಅದು ಶುರುವಾಗಿದೆ ಅಂತಲೇ ತಿಳ್ಕೊಳ್ಳಿ. ಪಕ್ಕದಿಂದ ಪಿನ್ನು ಹೊಡೆದದ್ದಾದರೆ ತುಕ್ಕು ನೋಡಿ. ತುಕ್ಕು ಸುತ್ತಲಿನ ಕಾಗದವನ್ನೂ ತಿಂದುಹಾಕಿರ್ತದೆ. ಕಾಗದ ಕಂದಾಗಿದ್ದರೆ ಮೂಲೆ ಮಡಚಿ ಪರೀಕ್ಷೆ ಮಾಡಬೇಡಿ, ಮುರಿದು ಕೈಗೇ ಬರಬಹುದು. ಹಾಳೆಯನ್ನು ನಿಧಾನಕ್ಕೆ ಬಾಗಿಸಿ ನೋಡಿ, ಅಷ್ಟು ಸಾಕು. ಅಗ್ಗದ ಆವೃತ್ತಿಗಳಿಗೆ ಬಳಸಿದ್ದು ನ್ಯೂಸ್‌ಪ್ರಿಂಟ್ ಕಾಗದ. ಮರದ ತಿರುಳಿನ ಆಮ್ಲ ಒಳಗಿಂದಲೇ ಕೆಲಸ ಮಾಡ್ತಿರ್ತದೆ, ಅದನ್ನು ನಿಲ್ಲಿಸೋಕೆ ಮನೆಯಲ್ಲಿ ಆಗಲ್ಲ. ನೆರಳಲ್ಲಿಟ್ಟು ನಿಧಾನ ಮಾಡಬಹುದು ಅಷ್ಟೇ.

ಇಸವಿ ಇಲ್ಲದ ಪುಸ್ತಕದ ಕಾಲ ಹಿಡಿಯೋದು ಬಲು ಮಜಾ ಇರೋ ಕೆಲಸ. ಬೆಲೆ ನೋಡಿ. ರೂಪಾಯಿ-ಆಣೆ-ಪೈಗಳಲ್ಲಿ, ಅಂದರೆ 1-8-0 ಅಂತಿದ್ದರೆ 1957ರ ಏಪ್ರಿಲ್ ಒಂದಕ್ಕೆ ಮುಂಚಿನದು ಅಂತ ಹಿಡಿಯಬಹುದು. ಅವತ್ತಿಂದಲೇ ದಶಮಾಂಶ ನಾಣ್ಯ ಬಂದದ್ದು. ‘ನ.ಪೈ.’ ಅಂತಿದ್ದರೆ ನಯಾ ಪೈಸೆ, 1957ರಿಂದ 1964ರ ನಡುವಿನದು. 1964ರ ಜೂನ್‌ನಿಂದ ‘ನಯಾ’ ಬಿಟ್ಟು ಬರೀ ಪೈಸೆ ಆಯ್ತು. ಪ್ರಕಾಶಕರ ವಿಳಾಸ ‘ಬೆಂಗಳೂರು-2’ ಅಂತ ಮುಗಿದರೆ ಹಳೇದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಮುಂಚೆ. ಐ.ಎಸ್.ಬಿ.ಎನ್. ಹತ್ತಂಕಿಯದಾದರೆ 2007ಕ್ಕೆ ಮುಂಚೆ, ಹದಿಮೂರಂಕಿಯದು ಮಾತ್ರ ಇದ್ದರೆ ಆಮೇಲಿನದು. ನಮ್ಮೂರಿಗೆ ಇನ್ನೊಂದು ಗುರುತಿದೆ. ‘ದಾವಣಗೆರೆ, ಚಿತ್ರದುರ್ಗ ಜಿಲ್ಲೆ’ ಅಂತ ಅಚ್ಚಾಗಿದ್ದರೆ 1997ರಲ್ಲಿ ದಾವಣಗೆರೆ ಜಿಲ್ಲೆ ಆಗೋದಕ್ಕೂ ಮುಂಚಿನದು.

ಒಂದೇ ಗುರುತು ನಂಬಬೇಡಿ, ಎರಡು ಕೂಡಬೇಕು. ಮುದ್ರಕರು ಹಳೇ ಅಚ್ಚುಮೊಳೆಗಳನ್ನೇ (ಸೀಸದ ಅಕ್ಷರಗಳನ್ನೇ) ಕಟ್ಟಿಟ್ಟುಕೊಂಡು ವಿಳಾಸ ಬದಲಿಸದೆ ಹೊಡೆದದ್ದುಂಟು. ಗೋದಾಮಿನಲ್ಲಿ ಉಳಿದ ಹಳೇ ಪ್ರತಿಗೆ ಹೊಸ ಬೆಲೆ ಚೀಟಿ ಅಂಟಿಸಿದ್ದೂ ಉಂಟು. ಹಾಳೆಯ ಹಿಂಬದಿಗೆ ಬೆರಳಾಡಿಸಿ ನೋಡಿ. ಅಕ್ಷರದ ಉಬ್ಬು ಸಿಕ್ಕರೆ ಮೊಳೆ ಜೋಡಿಸಿ ಅಚ್ಚು ಹಾಕಿದ್ದು, ನುಣುಪಾಗಿದ್ದರೆ ಆಫ್‌ಸೆಟ್, ಅಂದರೆ ಮೊಳೆ ಇಲ್ಲದೆ ಅಚ್ಚು ಹಾಕಿದ್ದು. ‘ಮೊದಲ ಮುದ್ರಣ’ ಅಂತ ಇದ್ದರೂ ಮುನ್ನುಡಿ ಓದಿ. ‘ಎರಡನೆಯ ಮುದ್ರಣಕ್ಕೆ ಎರಡು ಮಾತು’ ಅಲ್ಲಿ ಅಡಗಿ ಕೂತಿರ್ತದೆ.

---

ಕಾಂಕ್ರೀಟ್ ಕಾಕಾ ಉತ್ತರಿಸಿದ್ದು:

ತಮ್ಮನ ಪುಸ್ತಕದ ಬಗ್ಗೆ ಮಾತ್ರ. ಗಣಿತ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಫ್ಲೂಯಿಡ್ ಮೆಕ್ಯಾನಿಕ್ಸ್, ಸರ್ವೇಯಿಂಗ್‌ನ ಮೂಲಪಾಠ, ಇವು ಹಳೇ ಆವೃತ್ತಿಯಾದರೂ ನಡೀತದೆ. ಡಿಸೈನ್ ಪುಸ್ತಕ ಹಾಗಲ್ಲ. ಕಾಂಕ್ರೀಟ್ ಡಿಸೈನ್ ಪುಸ್ತಕ ಐ.ಎಸ್. 456 ಅನ್ನೋ ಭಾರತೀಯ ಮಾನದಂಡದ (ಕೋಡ್) 2000ದ ಪರಿಷ್ಕರಣೆ ಪ್ರಕಾರ ಇರಲೇಬೇಕು. ಸ್ಟೀಲ್ ಡಿಸೈನ್ ಆದರೆ ಐ.ಎಸ್. 800ರ 2007ರದ್ದು. ಅದಕ್ಕೆ ಹಿಂದಿನ 1984ರ ಕೋಡ್ ಹಿಡಿದು ಬರೆದ ಪುಸ್ತಕದಲ್ಲಿ ಲೆಕ್ಕ ಮಾಡೋ ವಿಧಾನವೇ ಬೇರೆ. ತೂಕಕ್ಕೆ ಹಾಕಿ ಹತ್ತು ರೂಪಾಯಿಗೆ ಕೊಟ್ಟರೂ ಪರೀಕ್ಷೆಗೆ ಉಪಯೋಗ ಇಲ್ಲ.

ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಗೈಡು, ಪ್ರಶ್ನೋತ್ತರ ಪುಸ್ತಕ ತಗೊಳ್ಳೋ ಮುಂಚೆ ಅದು 2018ರ ಸ್ಕೀಮೋ (ಪಠ್ಯಕ್ರಮವೋ), 2021ರದ್ದೋ, 2022ರದ್ದೋ ನೋಡಿ, ವಿಷಯದ ಹೆಸರು ಒಂದೇ ಇದ್ದರೂ ಮಾಡ್ಯೂಲ್ ಬದಲಾಗಿರ್ತದೆ. ಸೆಮಿಸ್ಟರ್ ಪರೀಕ್ಷೆ ಮುಗಿದ ವಾರ ಹಾಸ್ಟೆಲು, ಪಿ.ಜಿ. ಇರೋ ಕಡೆ ಜೆರಾಕ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಸೇಲಿಗಿಂತ ಅಗ್ಗಕ್ಕೆ, ಗುರುತು ಹಾಕಿದ್ದೇ ಸಿಗ್ತದೆ.

ಮನೇಲಿ ಕಾನೂನು ಓದೋರು ಇದ್ದರೆ ಅವರಿಗೂ ಹೇಳಿಬಿಡಿ: 2024ರ ಜುಲೈ 1ರಿಂದ ಐ.ಪಿ.ಸి. (ಭಾರತೀಯ ದಂಡ ಸಂಹಿತೆ) ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಐ.ಪಿ.ಸಿ. ಪುಸ್ತಕಗಳು ಈಗ ಸೇಲಿನಲ್ಲಿ ರಾಶಿ ಬೀಳ್ತಿರೋದು ಅದಕ್ಕೇ.

---

ಕೋಟೆ ಕೆಳಗಿನವ ಉತ್ತರಿಸಿದ್ದು:

ಸೇಲ್ ಸೇಲ್ ಅಂತ ಯಾಕ್ ಕಾಯ್ತೀರಿ? ಕನ್ನಡ ಪುಸ್ತಕ ಬೇಕಂದ್ರ ಗುಜರಿ ಅಂಗಡಿಗೆ ಹೋಗ್ರಿ. ದುರ್ಗದಾಗ ಆಗಲಿ ದಾವಣಗೆರೆಯಾಗ ಆಗಲಿ ಮನೆಗಳ ಹಳೇ ಕಪಾಟು ಖಾಲಿ ಆಗೋದು ಮೂರು ಹೊತ್ತಿನಾಗ: ಯುಗಾದಿ ಮುಂಚೆ, ದೀಪಾವಳಿಗೆ ಸುಣ್ಣ-ಬಣ್ಣ ಮಾಡ್ಸುವಾಗ, ಆಮೇಲೆ ಮೇ-ಜೂನ್‌ನಾಗ ವರ್ಗಾವಣೆ ಆದೋರು ಮನೆ ಬಿಡುವಾಗ. ಆ ವಾರಗಳಾಗ ಎರಡು ದಿನಕ್ಕೊಮ್ಮೆ ಹೋಗಿ ಬರ್ರಿ. ತಡ ಆದ್ರ ಮಾಲು ಲಾರಿ ಹತ್ತಿ ಪೇಪರ್ ಮಿಲ್ಲಿಗೆ ಹೋಗ್ತೈತಿ. ಇಲ್ಲಾ ಮಂಡಕ್ಕಿ-ಮಿರ್ಚಿ ಪೊಟ್ಟಣ ಆಗ್ತೈತಿ.

ದರ ಹೆಂಗ ಮಾತಾಡೋದು ಅಂದ್ರ, ಮೊದಲು ರದ್ದಿ ಪೇಪರ್ ಕೆ.ಜಿ. ಎಷ್ಟಕ್ಕ ತಗೊಂತೀರಿ ಅಂತ ಕೇಳ್ರಿ. ಅದರ ಮೂರು ಪಟ್ಟು ಕೊಡ್ತೀನಿ ಅಂದ್ರ ಅಂಗಡಿಯವ್ರು ಖುಷಿಯಾಗಿ ಆರಿಸ್ಕೊಳ್ಳಾಕ ಬಿಡ್ತಾರ. ಒಂದೊಂದನ್ನ ಎತ್ತಿ ‘ಇದಕ್ಕೆಷ್ಟು’ ಅಂತ ಕೇಳಿದ್ರೋ, ಕೆಟ್ಟಿತು. ಬೇಕಾದ್ದು, ಬೇಡಾದ್ದು ಸೇರ್ಸಿ ಒಂದು ಕಟ್ಟು ಮಾಡಿ ತೂಗ್ಸ್ರಿ.

ಅಲ್ಲಿ ಸಿಗೋದ್ರಾಗ ಎಲ್ಲಕ್ಕಿಂತ ಒಳ್ಳೇ ಮಾಲು ಅಂದ್ರ ಧಾರಾವಾಹಿ ಬೈಂಡು. ಹಿಂದ ಮನೆಗಳಾಗ ವಾರಪತ್ರಿಕೆಯಿಂದ ಧಾರಾವಾಹಿ ಪುಟ ಕತ್ತರಿಸಿ, ವರ್ಷ ಕಳೆದ ಮೇಲೆ ಸೂಜಿ-ದಾರ ಹಾಕಿ ಹೊಲಿದು, ಕ್ಯಾಲೆಂಡರ್ ಹಾಳೆ ಹೊದಿಸಿ ಇಟ್ಕೊಂತಿದ್ರು. ಹೊರಗೆ ಹೆಸರು ಇರಂಗಿಲ್ಲ, ಗುಜರಿಯವ್ರಿಗೂ ಅದೇನಂತ ಗೊತ್ತಿರಂಗಿಲ್ಲ. ಪುಸ್ತಕ ಆಗಿ ಬಂದಾಗ ಬಿಟ್ಟುಹೋದ ಚಿತ್ರಗಳು ಇದರಾಗ ಇರ್ತಾವ, ಕೆಲವೊಮ್ಮೆ ಪುಸ್ತಕದಾಗ ತಿದ್ದಿದ ಅಧ್ಯಾಯ ಮೂಲದಾಗ ಹೆಂಗಿತ್ತೋ ಹಂಗ ಇರ್ತೈತಿ. ತಗೊಳ್ಳೋ ಮುಂಚೆ ಕಂತು ಎಣಿಸ್ರಿ. ಪ್ರತಿ ಕಂತಿನ ಕೊನೆಗೆ ‘ಮುಂದುವರಿಯುವುದು’ ಅಥವಾ ‘ಸಶೇಷ’ ಅಂತ ಇರ್ತೈತಿ, ಕೊನೇದಕ್ಕ ‘ಮುಗಿಯಿತು’. ಕಂತಿಗೆ ಅಂಕಿ ಇದ್ರ ಸುಲಭ. ಇಲ್ಲಾಂದ್ರ ಹಿಂದಿನ ಕಂತಿನ ಸಾರಾಂಶ ಓದಿ ಮುಂಚಿನದಕ್ಕ ಹೊಂದ್ತೈತಾ ನೋಡ್ರಿ. ಹಬ್ಬದ ವಾರದ ಕಂತೇ ಬಿಟ್ಟುಹೋಗಿರ್ತೈತಿ, ಮನೆಮಂದಿ ಊರಿಗೆ ಹೋಗಿರ್ತಾರಲ್ಲ! ಮತ್ತೆ ಬೈಂಡ್ ಮಾಡ್ಸುವಾಗ ‘ಮೂರು ಕಡೆ ಕಟಿಂಗ್ ಬೇಡ’ ಅಂತ ಒತ್ತಿ ಹೇಳ್ರಿ. ಪತ್ರಿಕೆ ಪುಟಕ್ಕ ಅಂಚು ಕಡಿಮೆ, ಮಷೀನಿಗೆ ಕೊಟ್ರ ಸಾಲಿನ ಕೊನೇ ಅಕ್ಷರ ಹೋಗ್ತಾವ.

ಜಿಲ್ಲೆಯ ಇತಿಹಾಸಕ್ಕ ಸ್ಮರಣ ಸಂಚಿಕೆ ಹುಡುಕ್ರಿ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ದಾವಣಗೆರೆಯಾಗ 1992ರಾಗ ಆತು, 61ನೇದು. ದುರ್ಗದಾಗ 2009ರಾಗ 75ನೇದು. ಇಂಥ ಸಂಚಿಕೆಗಳಾಗ ಅರ್ಧ ಜಾಹೀರಾತೇ ಇರ್ತೈತಿ ಖರೆ. ಉಳಿದರ್ಧದಾಗ ಊರಿನ ಪೇಟೆ, ಮಿಲ್ಲು, ಕೆರೆ, ಮಠ, ಶಾಸನದ ಮೇಲೆ ಬೇರೆಲ್ಲೂ ಸಿಗದ ಲೇಖನ ಇರ್ತಾವ. ಜಾಹೀರಾತನ್ನೂ ಹರೀಬ್ಯಾಡ್ರಿ. ಆಗಿನ ಹತ್ತಿ ಮಿಲ್ಲು, ಟಾಕೀಸು, ಖಾನಾವಳಿ ವಿಳಾಸ ಅಲ್ಲೇ ಇರೋದು. ಸಿರಿಗೆರೆ, ಮುರುಘಾಮಠದ ಪ್ರಕಟಣೆಗಳೂ ಈ ಕಡೆ ಗುಜರಿಗೆ ಬರ್ತಿರ್ತಾವ.

ಒಂದು ಎಚ್ಚರ. ಗ್ರಂಥಾಲಯದ ಸೀಲು, ದಾಖಲೆ ಸಂಖ್ಯೆ ಇದ್ದು ‘ರದ್ದುಪಡಿಸಿದೆ’ ಅನ್ನೋ ಸೀಲು ಇಲ್ಲಾಂದ್ರ ಆ ಪುಸ್ತಕ ಬಿಡ್ರಿ. ಯಾರೋ ತಗೊಂಡು ಹೋಗಿ ವಾಪಸ್ ಕೊಡದೇ ಇದ್ದದ್ದು ಇರಬಹುದು.

---

ವಿದ್ಯಾನಗರದ ಓದುಗ:

ಎಲ್ಲರಿಗೂ ಧನ್ಯವಾದ. ಬಿಳಿ ಗೆರೆ ವಿಷಯ ಮತ್ತು 16–17 ಲೆಕ್ಕ ಎರಡೂ ಬರೆದಿಟ್ಟುಕೊಂಡೆ. ಗುಜರಿಯಿಂದ ತಂದದ್ದನ್ನು ನೇರವಾಗಿ ಮನೆ ಕಪಾಟಿಗೆ ಸೇರಿಸಬಹುದಾ? ಹುಳದ ಭಯ. ಹಾಗೇ ಎರಡೆರಡು ಪ್ರತಿ ಸಿಕ್ಕಿದರೆ ಬಳ್ಳಾರಿಯ ಸ್ನೇಹಿತರಿಗೆ ಕಳಿಸೋಕೆ ಅಗ್ಗದ ದಾರಿ ಯಾವುದು?

---

ಮೈಲುತುತ್ತ ಉತ್ತರಿಸಿದ್ದು:

ನೇರವಾಗಿ ಸೇರಿಸಲೇಬೇಡಿ. ಮೊದಲು ಹೊರಗೆ, ನೆರಳಿನಲ್ಲಿ, ಗಾಳಿಯಾಡುವ ಕಡೆ ಬಿಡಿಸಿ ನಿಲ್ಲಿಸಿ, ಒಣ ಬ್ರಷ್‌ನಿಂದ ಬೆನ್ನಿನಿಂದ ಹೊರಕ್ಕೆ ಧೂಳು ಝಾಡಿಸಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬಿಸಿಲಿಗೆ ದಿನವಿಡೀ ಇಟ್ಟರೆ ಹುಳಕ್ಕಿಂತ ಮೊದಲು ಅಂಟು, ರಟ್ಟು ಹಾಳಾಗುತ್ತೆ.

ಏನು ತಿಂದಿದೆ ಅಂತ ಗುರುತಿಸಿ. ದುಂಡನೆಯ ಸಣ್ಣ ತೂತು ಪುಟದಿಂದ ಪುಟಕ್ಕೆ ಹಾದುಹೋಗಿದ್ದರೆ ಕೊರೆಯುವ ಹುಳ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಇನ್ನೂ ಒಳಗೇ ಇದೆ. ಮೇಲ್ಮೈ ಮಾತ್ರ ಕೆರೆದಂತೆ ತೆಳುವಾಗಿದ್ದರೆ ಬೆಳ್ಳಿ ಬಣ್ಣದ, ಬಾಲಕ್ಕೆ ಮೂರು ಕೂದಲಿನ ಹುಳ. ಅದಕ್ಕೆ ಮೈದಾ ಅಂಟು ಅಂದರೆ ಪ್ರಾಣ. ಮಣ್ಣು ಮೆತ್ತಿದ ದಾರಿ ಕಂಡರೆ ಗೆದ್ದಲು. ಗೆದ್ದಲಿನ ಪುಸ್ತಕ ಮನೆಗೆ ತರಲೇಬೇಡಿ.

ಕೊರೆಯುವ ಹುಳಕ್ಕೆ ಔಷಧಿಗಿಂತ ಚಳಿ ಒಳ್ಳೇದು. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಟೇಪು ಹಾಕಿ ಮುಚ್ಚಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಫ್ರೀಜರು ಮೈನಸ್ 18 ಡಿಗ್ರಿಗೆ ಇಳಿಯಬೇಕು. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬಾರದು, ಒಂದು ದಿನ ಹಾಗೇ ಬಿಡಿ. ತಣ್ಣನೆ ಪುಸ್ತಕದ ಮೇಲೆ ನೀರು ಕಟ್ಟಿಕೊಂಡು ಬೂಷ್ಟು ಹಿಡಿಯೋದು ಆ ಆತುರದಿಂದಲೇ. ನುಸಿಗುಳಿಗೆ ಹುಳವನ್ನು ದೂರ ಇಡುತ್ತೆ ಹೊರತು ಒಳಗಿರೋದನ್ನು ಕೊಲ್ಲಲ್ಲ. ಮಕ್ಕಳಿರೋ ಮನೆಯಲ್ಲಿ ಅದು ಬೇಡವೂ ಬೇಡ.

ಬೆಲೆ ಚೀಟಿ ಕೀಳೋಕೆ ಹೇರ್ ಡ್ರೈಯರ್ ಬಿಸಿಗಾಳಿ ಅರ್ಧ ನಿಮಿಷ ಹಿಡಿದು ಮೂಲೆಯಿಂದ ಎಳೆಯಿರಿ. ಹೊಳಪಿನ ಮುಖಪುಟವಾದರೆ ಉಳಿದ ಅಂಟಿಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು. ಹೊಳಪಿಲ್ಲದ ಹಳೇ ರಟ್ಟಿಗೆ ಎಣ್ಣೆ ತಾಗಿಸಿದರೆ ಕಲೆ ಹೋಗೋದೇ ಇಲ್ಲ. ಹರಿದ ಹಾಳೆಗೆ ಸೆಲೋಟೇಪ್ ಹಾಕಬೇಡಿ, ಕೆಲವೇ ವರ್ಷದಲ್ಲಿ ಹಳದಿಯಾಗಿ ಅಕ್ಷರದ ಮೇಲೇ ಇಳಿಯುತ್ತೆ. ಬೈಂಡಿಂಗ್ ಮಾಡಿಸುವುದಾದರೆ ಮೈದಾ ಅಂಟಿಗೆ ಚೂರು ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸುವ ಹಳೇ ಬೈಂಡರನ್ನು ಹುಡುಕಿ, ಹುಳ ಹತ್ತಿರ ಸುಳಿಯೋದು ಕಮ್ಮಿ. ಅದು ವಿಷ, ಅಂಥ ಪುಸ್ತಕ ಓದುವಾಗ ಬೆರಳು ನೆಕ್ಕಿ ಹಾಳೆ ತಿರುವಬೇಡಿ.

---

ತಕ್ಕಡಿ ಮುಳ್ಳು ಉತ್ತರಿಸಿದ್ದು:

ಬಳ್ಳಾರಿಗೆ ಕಳಿಸೋಕೆ ಅಂಚೆ ಕಚೇರಿಯಲ್ಲಿ ‘ಜ್ಞಾನ ಪೋಸ್ಟ್’ ಕೇಳಿ. ಹಳೇ ಬುಕ್ ಪೋಸ್ಟ್ ನಿಂತ ಮೇಲೆ 2025ರ ಮೇ 1ರಿಂದ ಶುರುವಾದದ್ದು. 300 ಗ್ರಾಂವರೆಗೆ 20 ರೂಪಾಯಿ, ಅಲ್ಲಿಂದ ತೂಕಕ್ಕೆ ತಕ್ಕಂತೆ ಏರಿ 5 ಕೆ.ಜಿ.ಗೆ 100, ತೆರಿಗೆ ಬೇರೆ. ರಸ್ತೆ-ರೈಲಿನಲ್ಲಿ ಹೋಗೋದರಿಂದ ನಿಧಾನ. ಕಟ್ಟಿನ ಮೇಲೆ ‘ಜ್ಞಾನ ಪೋಸ್ಟ್’ ಅಂತ ಬರೆಯಿರಿ, ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು. ಪಠ್ಯ, ಸಾಹಿತ್ಯ, ಧಾರ್ಮಿಕ ಪುಸ್ತಕಕ್ಕೆ ಸರಿ. ವಾರಪತ್ರಿಕೆ, ಮಾಸಪತ್ರಿಕೆಗೆ ಈ ದರ ಇಲ್ಲ, ಆದ್ದರಿಂದ ಹಳೇ ಪತ್ರಿಕೆಗಳನ್ನು ಪುಸ್ತಕದ ಕಟ್ಟಿಗೆ ಸೇರಿಸಬೇಡಿ, ಬೇರೆ ಪಾರ್ಸೆಲ್ ಮಾಡಿ.